ದಿನನಿತ್ಯದ ಯೋಚನೆಯೊಳಗೆ ಅಡಗಿರುವ ಸಿದ್ಧಾಂತಗಳನ್ನು ತತ್ವಶಾಸ್ತ್ರ ಹೇಗೆ ಬಯಲಿಗೆಳೆಯುತ್ತದೆ?

ನಾನೇ ಸಿಕ್ಕಿಬಿದ್ದ ಒಂದು ಮಾತು ಹೇಳುತ್ತೇನೆ. ಗೆಳೆಯನೊಬ್ಬ ಕೆಲಸ ಕಳೆದುಕೊಂಡಿದ್ದ. ಸಮಾಧಾನ ಹೇಳಲು ಹೋದವನು, "ಇನ್ನೂ ಸ್ವಲ್ಪ ಕಷ್ಟಪಟ್ಟಿದ್ದರೆ ಉಳೀತಿತ್ತೇನೋ" ಅಂದುಬಿಟ್ಟೆ. ಅವನು ನನ್ನ ಮುಖವನ್ನೇ ನೋಡಿದ. "ಇಡೀ ವಿಭಾಗವನ್ನೇ ಮುಚ್ಚಿದ್ರು ಕಣೋ, ನಾನೊಬ್ಬ ಎಷ್ಟು ಕಷ್ಟಪಡಬೇಕಿತ್ತು?" ವಿಭಾಗ ಮುಚ್ಚಿದ್ದು ನನಗೂ ಗೊತ್ತಿತ್ತು. ಆದರೂ ಬಾಯಿಗೆ ಬಂದದ್ದು ಆ ಮಾತೇ.

ಆಮೇಲೆ ಕೂತು ಅದನ್ನು ಬಿಡಿಸಿ ನೋಡಿದೆ. ತತ್ವಶಾಸ್ತ್ರ ಕಲಿಸುವ ಕೆಲಸ ಹೆಚ್ಚುಕಡಿಮೆ ಇಷ್ಟೇ. "ಕಷ್ಟಪಟ್ಟರೆ ಮೇಲೆ ಬರಬಹುದು" ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ತಲೆಯೊಳಗೆ ಆ "ಬರಬಹುದು" ಸದ್ದಿಲ್ಲದೆ "ಬಂದೇ ಬರುತ್ತಾರೆ" ಆಗಿರುತ್ತದೆ. ಕಷ್ಟಪಟ್ಟವರೆಲ್ಲ ಮೇಲೆ ಬರುವುದೇ ನಿಜವಾದರೆ, ಬರದವನು ಕಷ್ಟಪಟ್ಟಿಲ್ಲ ಎಂದೇ ಅರ್ಥ. ತರ್ಕದಲ್ಲಿ ತಪ್ಪಿಲ್ಲ, ನೋಡಿ. ಮೋಸ ಆಗಿದ್ದು ಒಂದು ಕ್ರಿಯಾಪದದಲ್ಲಿ.

ಈ ಅದಲುಬದಲಿನಿಂದ ಯಾರಿಗೆ ಅನುಕೂಲ? ಮೇಲಿದ್ದವನಿಗೆ ತಾನಿರುವ ಜಾಗ ಪೂರ್ತಿ ಸ್ವಂತ ಸಂಪಾದನೆ ಅನಿಸುತ್ತದೆ. ಕೆಳಗಿದ್ದವನು ಯಾರನ್ನೂ ಪ್ರಶ್ನಿಸದೆ ತನಗೆ ತಾನೇ ನಾಚಿಕೊಳ್ಳುತ್ತಾನೆ. ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಗ್ರಾಮ್ಶಿ, ಸರ್ವಾಧಿಕಾರಿ ಮುಸೊಲಿನಿಯ ಸೆರೆಯಲ್ಲಿ 1929ರಿಂದ 1935ರವರೆಗೆ ನೋಟ್‌ಬುಕ್‌ಗಳಲ್ಲಿ ಬರೆಯುತ್ತ ಬೆನ್ನುಹತ್ತಿದ ವಿಷಯಗಳಲ್ಲಿ ಇದೂ ಒಂದು: ಅಧಿಕಾರ ಬರೀ ಲಾಠಿಯಿಂದ ನಡೆಯುವುದಿಲ್ಲ, ಜನರ ಒಪ್ಪಿಗೆಯೂ ಬೇಕು. ಆ ಒಪ್ಪಿಗೆ ಬೇರೂರಿರುವುದು "ಎಲ್ಲರಿಗೂ ಗೊತ್ತಿರೋದೇ ಅಲ್ವಾ" ಎನ್ನುವಂಥ ಮಾತುಗಳಲ್ಲಿ.

ಅರ್ಹತೆ ಇದ್ದವರೇ ಮೇಲೆ ಬರುವ ವ್ಯವಸ್ಥೆಗೆ 'ಮೆರಿಟಾಕ್ರಸಿ' ಅನ್ನುತ್ತಾರೆ. ಆ ಪದದ ಕಥೆಯಂತೂ ತಮಾಷೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್ 1958ರಲ್ಲಿ ಅದನ್ನು ಜನಪ್ರಿಯಗೊಳಿಸಿದ್ದು ಒಂದು ವಿಡಂಬನೆಯಲ್ಲಿ, ಎಚ್ಚರಿಕೆಯ ಮಾತಾಗಿ. ಓದಿದವರು (ಬಹುಶಃ ಓದದವರೇ ಹೆಚ್ಚು) ಅದನ್ನು ಹೊಗಳಿಕೆ ಮಾಡಿಕೊಂಡರು. 2001ರಲ್ಲಿ ಆತ ಪತ್ರಿಕೆಯಲ್ಲಿ ಲೇಖನ ಬರೆದು ಬೇಸರ ತೋಡಿಕೊಳ್ಳಬೇಕಾಯಿತು.

ಮಾತನ್ನು ಹೀಗೆ ಬಿಡಿಸಿ ನೋಡುವ ವಿದ್ಯೆ ಹೊಸದಾಗಿ ಕೈಗೆ ಬಂದಾಗ ಎದುರಿನವರ ಮಾತೆಲ್ಲ ಭ್ರಮೆ, ನನ್ನದು ಮಾತ್ರ ಸತ್ಯ ಅನಿಸತೊಡಗುತ್ತದೆ. ನಾನೂ ಒಂದೆರಡು ವರ್ಷ ಹಾಗೇ ಎಲ್ಲರ ತಲೆ ತಿಂದಿದ್ದೇನೆ. ಅದಕ್ಕೇ ನಿಮ್ಮ ಬಾಯಿಂದಲೇ ಶುರು ಮಾಡಿ. ಒಂದು ವಾರ, "ಅದು ಇರೋದೇ ಹಾಗೆ" ಅಂದಾಗಲೆಲ್ಲ ಅಲ್ಲೇ ನಿಂತು, ಯಾವಾಗಿನಿಂದ ಹಾಗೆ, ಹಾಗಲ್ಲದ ಕಾಲವೂ ಇತ್ತಾ ಎಂದು ಕೇಳಿಕೊಳ್ಳಿ. ಉತ್ತರಕ್ಕೆ ತತ್ವಶಾಸ್ತ್ರವೊಂದೇ ಸಾಲದು, ಇತಿಹಾಸದ ಪುಸ್ತಕವನ್ನೂ ತೆಗೆಯಬೇಕಾಗುತ್ತದೆ.

ಅಂದಹಾಗೆ, ಆ ಗೆಳೆಯನಿಗೆ ಆಮೇಲೆ ಬೇರೆ ಕೆಲಸ ಸಿಕ್ಕಿತು. "ಕಷ್ಟಪಟ್ಟಿದ್ದಕ್ಕೇ ಸಿಕ್ತು ನೋಡು" ಅಂತ ಅವನೇ ಅಂದ. ನಾನು ಸುಮ್ಮನಿದ್ದೆ.