ಬಾರ್‌ನ ಎತ್ತರ ನೋಡಿ ಯೂನಿವರ್ಸಿಟಿ ಆರಿಸಬಹುದೇ?

ಪ್ರಶ್ನೆ: ಮಗಳಿಗೆ ಅಮೆರಿಕದಲ್ಲಿ ಬಿ.ಎಸ್. ಓದುವ ಆಸೆ. ಎರಡು ವಿಶ್ವವಿದ್ಯಾಲಯಗಳ ಎನ್‌ಎಸ್‌ಎಸ್‌ಇ (ಕಲಿಕೆಯಲ್ಲಿ ಎಷ್ಟು ತೊಡಗಿದ್ದಾರೆಂದು ವಿದ್ಯಾರ್ಥಿಗಳನ್ನೇ ಕೇಳುವ) ಸಮೀಕ್ಷೆಯ ಗ್ರಾಫ್ ನೋಡಿದೆವು. ‘ಹೈಯರ್ ಆರ್ಡರ್ ಲರ್ನಿಂಗ್’ನಲ್ಲಿ (ಬಾಯಿಪಾಠಕ್ಕಿಂತ ಅನ್ವಯ, ವಿಶ್ಲೇಷಣೆಗೆ ಒತ್ತು ಕೊಡುವ ಕಲಿಕೆ) ಒಂದಕ್ಕೆ 38, ಇನ್ನೊಂದಕ್ಕೆ 39.2. ಎರಡನೆಯದರ ಬಾರ್ ಬಹಳ ಎತ್ತರವಾಗಿದೆ, ಮೇಲೆ ನಕ್ಷತ್ರದ ಗುರುತೂ ಇದೆ. ಅದನ್ನೇ ಆರಿಸಬಹುದೇ?
– ಓದುಗರು, ಮೈಸೂರು

ಉತ್ತರ: ಇಷ್ಟನ್ನೇ ನಂಬಿ ಆರಿಸಬೇಡಿ. ಮೊದಲು ಗ್ರಾಫಿನ ಎಡಗಡೆಯ ಅಂಕಿಗಳು ಎಲ್ಲಿಂದ ಶುರುವಾಗಿವೆ ನೋಡಿ. ಈ ಸಮೀಕ್ಷೆಯ ಅಂಕಗಳು 0ಯಿಂದ 60ರವರೆಗೆ. ಗ್ರಾಫ್ 36ರಿಂದ ಶುರುವಾಗಿದ್ದರೆ ಮೊದಲ ಬಾರ್ 2 ಅಂಕದಷ್ಟು, ಎರಡನೆಯದು 3.2 ಅಂಕದಷ್ಟು ಎತ್ತರ ಕಾಣುತ್ತದೆ, ಅಂದರೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಸೊನ್ನೆಯಿಂದ ಎಳೆದರೆ ಎರಡೂ ಹೆಚ್ಚುಕಡಿಮೆ ಸಮ.

ಆ 1.2 ಅಂಕ ಎಷ್ಟು ದೊಡ್ಡದು? ಈ ಸೂಚಕದಲ್ಲಿ ನಾಲ್ಕು ಪ್ರಶ್ನೆಗಳಿವೆ. ‘ಬಹಳ ಕಡಿಮೆ’ ಎಂದರೆ 0, ‘ಸ್ವಲ್ಪ’ 20, ‘ಸಾಕಷ್ಟು’ 40, ‘ಬಹಳ’ 60. ನಾಲ್ಕರ ಸರಾಸರಿಯೇ ವಿದ್ಯಾರ್ಥಿಯ ಅಂಕ. ಒಬ್ಬರು ಒಂದೇ ಪ್ರಶ್ನೆಗೆ ಒಂದು ಮೆಟ್ಟಿಲು ಮೇಲಿನ ಉತ್ತರ ಕೊಟ್ಟರೆ ಅವರ ಅಂಕ 5 ಏರುತ್ತದೆ. ನಾಲ್ವರಲ್ಲಿ ಒಬ್ಬರು ಹಾಗೆ ಮಾಡಿದರೆ ಸಾಕು, ಇಡೀ ಕ್ಯಾಂಪಸ್‌ನ ಸರಾಸರಿ 1.25 ಮೇಲೆ ಹೋಗುತ್ತದೆ. ನೀವು ಕಂಡ ಅಂತರ ಇಷ್ಟೇ.

ನಕ್ಷತ್ರದ ಅರ್ಥ ‘ವ್ಯತ್ಯಾಸ ಬರೀ ಆಕಸ್ಮಿಕವಲ್ಲ’ ಎಂದಷ್ಟೇ, ‘ದೊಡ್ಡದು’ ಎಂದಲ್ಲ. ಎರಡೂ ಕಡೆ ಎರಡೆರಡು ಸಾವಿರ ಮಂದಿ ಉತ್ತರಿಸಿದ್ದರೆ ಇಷ್ಟು ಚಿಕ್ಕ ಅಂತರಕ್ಕೂ ನಕ್ಷತ್ರ ಬೀಳುತ್ತದೆ. ನೋಡಬೇಕಾದದ್ದು ‘ಎಫೆಕ್ಟ್ ಸೈಜ್’: ಅಂತರವನ್ನು ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ (ವಿದ್ಯಾರ್ಥಿಗಳ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಭಾಗಿಸಿ. ಅದು 13 ಇದ್ದರೆ 1.2 ÷ 13, ಸುಮಾರು 0.09. ಈ ಸಮೀಕ್ಷೆಯ ಅಳತೆಯಲ್ಲಿ 0.1 ಚಿಕ್ಕದು, 0.3 ಮಧ್ಯಮ, 0.5 ದೊಡ್ಡದು. ನಿಮ್ಮದು ಚಿಕ್ಕದಕ್ಕೂ ಕೆಳಗೆ.

ಬಾರ್ ಚಾರ್ಟ್ ಬಿಟ್ಟು ಬಾಕ್ಸ್ ಚಾರ್ಟ್ ಹುಡುಕಿ. ವರದಿಯಲ್ಲಿ ಪೆಟ್ಟಿಗೆಯೊಳಗಿರುವುದು ನಡುವಿನ ಅರ್ಧದಷ್ಟು ವಿದ್ಯಾರ್ಥಿಗಳು, ಅಡ್ಡಗೆರೆ ಮಧ್ಯಾಂಕ (ಅರ್ಧ ಮಂದಿ ಅದಕ್ಕಿಂತ ಮೇಲೆ, ಅರ್ಧ ಮಂದಿ ಕೆಳಗೆ), ಚುಕ್ಕೆ ಸರಾಸರಿ. ಎರಡು ಪೆಟ್ಟಿಗೆಗಳು ಬಹುಪಾಲು ಒಂದೇ ಮಟ್ಟದಲ್ಲಿರುತ್ತವೆ. ಒಂದೇ ವಿಶ್ವವಿದ್ಯಾಲಯದ ಮಕ್ಕಳ ನಡುವಿನ ಅಂತರ ಎರಡು ವಿಶ್ವವಿದ್ಯಾಲಯಗಳ ನಡುವಿನದಕ್ಕಿಂತ ಎಷ್ಟೋ ಹೆಚ್ಚು. ನನ್ನ ಮಟ್ಟಿಗೆ ಇದೇ ಮುಖ್ಯ ಸಂಗತಿ: ಮಗಳ ಅನುಭವವನ್ನು ಅವಳ ವಿಭಾಗವೂ ತರಗತಿಗಳೂ ತೀರ್ಮಾನಿಸುತ್ತವೆ, ಕ್ಯಾಂಪಸ್ಸಿನ ಸರಾಸರಿಯಲ್ಲ.

ಮೊದಲ ವರ್ಷದವರನ್ನು ಮೊದಲ ವರ್ಷದವರೊಂದಿಗೇ, ಅಂತಿಮ ವರ್ಷದವರನ್ನು ಅಂತಿಮ ವರ್ಷದವರೊಂದಿಗೇ ಹೋಲಿಸಿ. ಎಷ್ಟು ಮಂದಿ ಉತ್ತರಿಸಿದ್ದಾರೆ ನೋಡಿ. 150 ಜನರಷ್ಟೇ ಆದರೆ ಸರಾಸರಿ 2 ಅಂಕ ಆಚೀಚೆ ಆಗಬಹುದು. ‘ಸಮಾನ ಸಂಸ್ಥೆಗಳಿಗಿಂತ ಮೇಲೆ’ ಎಂದಿದ್ದರೆ ಆ ಪಟ್ಟಿ ತೆರೆಯಿರಿ, ಯಾರೊಂದಿಗೆ ಹೋಲಿಕೆ ಎಂಬುದನ್ನು ವಿಶ್ವವಿದ್ಯಾಲಯವೇ ಆರಿಸಬಹುದು. 2013ಕ್ಕಿಂತ ಹಿಂದಿನ ಅಂಕಗಳು 100ಕ್ಕೆ ಇದ್ದವು, ಅವನ್ನು ಈಗಿನವುಗಳ ಪಕ್ಕ ಇಡಬೇಡಿ.

ಇದೆಲ್ಲ ಆದಮೇಲೆ ಒಂದೊಂದೇ ಪ್ರಶ್ನೆಯ ಶೇಕಡಾವಾರು ಉತ್ತರ ನೋಡಿ. ಅಧ್ಯಾಪಕರ ಜೊತೆ ಮುಂದಿನ ಕೆಲಸದ ಬಗ್ಗೆ ಮಾತಾಡಿದವರು ಎಷ್ಟು ಎಂಬಂಥದ್ದು ಸರಾಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎಂ.ಎಸ್.ಗೆ ಹೊರಟವರಿಗೆ ಈ ಗ್ರಾಫ್ ಬೇಡವೇ ಬೇಡ, ಸಮೀಕ್ಷೆ ನಡೆಯುವುದು ಪದವಿಯ ಮೊದಲ ಮತ್ತು ಕೊನೆಯ ವರ್ಷದವರಲ್ಲಿ ಮಾತ್ರ.