ವಾಯೇಜರ್ ಸೌರಮಂಡಲ ದಾಟಿದೆಯಾ, ಇಲ್ವಾ?

ಪ್ರಶ್ನೆ: ನಾಸಾದ ವಾಯೇಜರ್ 1 ನೌಕೆ ಸೌರಮಂಡಲದಿಂದ ಹೊರಗೆ ಹೋಗಿ ವರ್ಷಗಳೇ ಆಯ್ತು ಅಂತ ಓದಿದ್ದೆ. ಮೊನ್ನೆ ಇನ್ನೊಂದು ಕಡೆ, ಪೂರ್ತಿ ಆಚೆ ಹೋಗೋಕೆ ಇನ್ನೂ 30 ಸಾವಿರ ವರ್ಷ ಬೇಕು ಅಂತಿತ್ತು. ಯಾವುದನ್ನ ನಂಬೋದು ಸಾರ್? ಅಷ್ಟಕ್ಕೂ ಗಡಿ ದಾಟಿದೆ ಅಂತ ಗೊತ್ತಾಗೋದಾದ್ರೂ ಹೆಂಗೆ, ಅಲ್ಲೇನು ಬೋರ್ಡ್ ಹಾಕಿರ್ತಾರಾ?

ಉತ್ತರ: ಎರಡನ್ನೂ ನಂಬಿ, ಯಾಕಂದ್ರೆ ಅವರಿಬ್ರೂ ಹೇಳ್ತಿರೋದು ಬೇರೆ ಬೇರೆ ಗಡಿ ಬಗ್ಗೆ. ಸೂರ್ಯನಿಂದ ಎಲ್ಲಾ ದಿಕ್ಕಿಗೂ ವಿದ್ಯುದಾವೇಶ ಇರೋ ಕಣಗಳು ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಹೊರಡ್ತಾನೇ ಇರ್ತವೆ, ಸೌರಮಾರುತ ಅಂತಾರಲ್ಲ ಅದು. ದೂರ ಹೋಗ್ತಾ ಹೋಗ್ತಾ ಅದು ತೆಳುವಾಗಿ, ಕೊನೆಗೆ ನಕ್ಷತ್ರಗಳ ನಡುವೆ ಇರೋ ಅನಿಲದ ಒತ್ತಡಕ್ಕೆ ಸೋತು ನಿಂತುಬಿಡುತ್ತೆ, ಆ ನಿಲ್ಲೋ ಜಾಗಕ್ಕೇ ಹೀಲಿಯೋಪಾಸ್ ಅನ್ನೋದು. ವಾಯೇಜರ್ 1 ದಾಟಿರೋದು ಇದನ್ನ, 2012ರ ಆಗಸ್ಟ್ 25ಕ್ಕೆ, ಭೂಮಿಗೂ ಸೂರ್ಯನಿಗೂ ಇರೋ ದೂರದ ಸುಮಾರು 121 ಪಟ್ಟು ದೂರದಲ್ಲಿ, ಅಂದ್ರೆ ಹತ್ತತ್ರ 1,800 ಕೋಟಿ ಕಿ.ಮೀ. ಆದ್ರೆ ಸೂರ್ಯನ ಗಾಳಿ ನಿಂತ್ರೂ ಗುರುತ್ವದ ಹಿಡಿತ ಇನ್ನೂ ಎಷ್ಟೋ ದೂರ ಇರುತ್ತೆ, ಊರ್ಟ್ ಮೋಡ ಅನ್ನೋ ಹಿಮದುಂಡೆಗಳ ರಾಶಿ ಇರೋದು ಅಲ್ಲಿ ಅಂತ ಲೆಕ್ಕ. ಅದರ ಒಳ ಅಂಚು ಮುಟ್ಟೋಕೇ ಈ ನೌಕೆಗೆ ಸುಮಾರು 300 ವರ್ಷ ಬೇಕು, ಆಚೆ ಬರೋಕೆ ನೀವು ಓದಿದ 30 ಸಾವಿರ ವರ್ಷ. ಹಾಗಾಗಿ "ಸೌರಮಂಡಲ ಬಿಟ್ಟು ಹೋಯ್ತು" ಅನ್ನೋ ಹೆಡ್‌ಲೈನ್ ನಂಗೆ ಅಷ್ಟು ಇಷ್ಟ ಆಗಲ್ಲ, ಸೌರಮಾರುತದ ಗುಳ್ಳೆಯಿಂದ ಹೊರಗೆ ಬಿತ್ತು ಅಂದ್ರೆ ಸಾಕು.

ಬೋರ್ಡ್ ವಿಷ್ಯಕ್ಕೆ ಬರ್ತೀನಿ, ಮಜಾ ಇರೋದೇ ಇಲ್ಲಿ. ಸುತ್ತ ಇರೋ ಪ್ಲಾಸ್ಮಾನ, ಅಂದ್ರೆ ವಿದ್ಯುದಾವೇಶ ಇರೋ ಕಣಗಳ ಅನಿಲಾನ, ನೇರವಾಗಿ ಅಳೆಯೋ ಉಪಕರಣ ವಾಯೇಜರ್ 1ರಲ್ಲಿ ಇತ್ತು, ಆದ್ರೆ ಅದು 1980ರಲ್ಲೇ ಕೈಕೊಟ್ಟಿತ್ತು. 2012ರ ಆಗಸ್ಟ್‌ನಲ್ಲಿ ಸೂರ್ಯನ ಕಡೆಯ ಕಣಗಳು ಇದ್ದಕ್ಕಿದ್ದಂಗೆ ಕಮ್ಮಿಯಾದ್ವು, ಹೊರಗಿನ ಕಾಸ್ಮಿಕ್ ಕಿರಣಗಳು ಜಾಸ್ತಿಯಾದ್ವು, ಸರಿ ದಾಟ್ತು ಅಂತ ಕೆಲವರು ಅಂದ್ರು, ಆದ್ರೆ ಕಾಂತಕ್ಷೇತ್ರದ ದಿಕ್ಕು ಬದಲಾಗ್ಲೇಬೇಕು ಅಂತ ಎಲ್ರೂ ಅಂದ್ಕೊಂಡಿದ್ರಲ್ಲ, ಅದು ಅಲ್ಲಾಡ್ಲೇ ಇಲ್ಲ. ವರ್ಷದವರೆಗೂ ವಾದ ನಡೀತು. ಅಷ್ಟರಲ್ಲಿ ಸೂರ್ಯನೇ ಸಹಾಯಕ್ಕೆ ಬಂದ. 2012ರ ಮಾರ್ಚ್‌ನಲ್ಲಿ ಸೂರ್ಯನಲ್ಲಿ ಆಗಿದ್ದ ದೊಡ್ಡ ಸ್ಫೋಟದ ಅಲೆ ವರ್ಷದ ಮೇಲೆ, 2013ರ ಏಪ್ರಿಲ್ ಹೊತ್ತಿಗೆ ಅಲ್ಲಿಗೆ ತಲುಪಿ ಸುತ್ತಲಿನ ಪ್ಲಾಸ್ಮಾನ ಕಂಪಿಸೋ ಹಂಗೆ ಮಾಡ್ತು. ಆ ಕಂಪನದ ಆವರ್ತನ ಎಲೆಕ್ಟ್ರಾನ್‌ಗಳು ಎಷ್ಟು ದಟ್ಟವಾಗಿವೆ ಅನ್ನೋದರ ಮೇಲೆ ನಿಂತಿರುತ್ತೆ, ಹಿಡಿಯೋಕೆ ಆಂಟೆನಾ ಇತ್ತು, ಲೆಕ್ಕ ಹಾಕಿದ್ರೆ ಗುಳ್ಳೆಯೊಳಗೆ ಇದ್ದಿದ್ದಕ್ಕಿಂತ ಸುಮಾರು 40 ಪಟ್ಟು ದಟ್ಟ! ಒಳಗಿದ್ರೆ ಅಷ್ಟು ಬರೋಕೆ ಸಾಧ್ಯವೇ ಇಲ್ಲ. 2013ರ ಸೆಪ್ಟೆಂಬರ್‌ನಲ್ಲಿ ನಾಸಾ ಅಧಿಕೃತವಾಗಿ ಹೇಳ್ತು. 2018ರ ನವೆಂಬರ್ 5ಕ್ಕೆ ವಾಯೇಜರ್ 2 ದಾಟಿದಾಗ ಇಷ್ಟೆಲ್ಲಾ ತಲೆನೋವು ಇರ್ಲಿಲ್ಲ, ಅದರ ಪ್ಲಾಸ್ಮಾ ಉಪಕರಣ ಕೆಲಸ ಮಾಡ್ತಾ ಇತ್ತು.

ಪ್ರಶ್ನೆ: 1977ರ ನೌಕೆನೇ ಇನ್ನೂ ಮುಂದೆ ಇದೆ ಅಂದ್ರೆ ಆಶ್ಚರ್ಯ. ಈಗ ಎಂಥೆಂಥಾ ರಾಕೆಟ್ ಇವೆ, ಒಂದು ಫಾಸ್ಟ್ ಆಗಿರೋದನ್ನ ಕಳಿಸಿ ಹಿಂದೆ ಹಾಕೋಕಾಗಲ್ವಾ?

ಉತ್ತರ: ರಾಕೆಟ್ ಒಂದರಿಂದಲೇ ಆಗೋ ಕೆಲಸ ಅಲ್ಲ ಇದು. ಭೂಮಿ ಇರೋ ಜಾಗದಿಂದ ಸೂರ್ಯನ ಹಿಡಿತ ಬಿಡಿಸ್ಕೊಳ್ಳೋಕೆ ಸೆಕೆಂಡಿಗೆ 42 ಕಿ.ಮೀ. ಬೇಕು, ಅದ್ರಲ್ಲಿ 30ರಷ್ಟು ಭೂಮಿಯ ಓಟದಿಂದಲೇ ಪುಕ್ಕಟೆ ಸಿಗುತ್ತೆ. ಮಿಕ್ಕಿದ್ದನ್ನ ಹೊಂದಿಸಿದ್ರೂ ಹೊರಗೆ ಹೋಗ್ತಾ ಸೂರ್ಯ ಹಿಂದಕ್ಕೆ ಎಳೀತಾನೇ ಇರ್ತಾನೆ. 2006ರಲ್ಲಿ ಪ್ಲುಟೋ ಕಡೆಗೆ ಹೊರಟ ನ್ಯೂ ಹೊರೈಜನ್ಸ್‌ನ ನೋಡಿ, ಭೂಮಿ ಬಿಟ್ಟಾಗ ವಾಯೇಜರ್‌ಗಿಂತ ಜೋರಾಗಿತ್ತು, ಈಗ ಸೆಕೆಂಡಿಗೆ 14 ಕಿ.ಮೀ. ಕೂಡ ಇಲ್ಲ, ವಾಯೇಜರ್ 1 ಇನ್ನೂ 17ರಲ್ಲಿ ಹೋಗ್ತಿದೆ. ವ್ಯತ್ಯಾಸ ಎಲ್ಲಿ ಬಂತು ಅಂದ್ರೆ ವಾಯೇಜರ್ 1ಕ್ಕೆ ಪಕ್ಕದಲ್ಲಿ ಹಾದುಹೋಗುವಾಗ ಗುರು, ಶನಿ ಎರಡರ ಗುರುತ್ವದಿಂದಲೂ ತಳ್ಳು ಸಿಕ್ತು, ನ್ಯೂ ಹೊರೈಜನ್ಸ್‌ಗೆ ಗುರು ಒಂದೇ. ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ಕನ್ನೂ ಒಂದೇ ಪಯಣದಲ್ಲಿ ಮುಟ್ಟೋ ಹಂಗೆ ಗ್ರಹಗಳು ಬರೋದು ಸುಮಾರು 176 ವರ್ಷಕ್ಕೊಮ್ಮೆ, 1977ರಲ್ಲಿ ಹೊರಟಿದ್ದಕ್ಕೆ ಅದೇ ಕಾರಣ. ಅಮೆರಿಕದ ಅಪ್ಲೈಡ್ ಫಿಸಿಕ್ಸ್ ಲ್ಯಾಬೊರೇಟರಿಯವರು ವಾಯೇಜರ್‌ಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ವೇಗದ ನೌಕೆಯೊಂದರ ಪ್ಲಾನ್ ಮಾಡಿದ್ದಾರೆ, 50 ವರ್ಷ ಕೆಲಸ ಮಾಡೋ ಹಂಗೆ. ಅದು ಪೇಪರ್ ಮೇಲಿದೆ.

ನನ್ನ ಕೇಳಿದ್ರೆ ವೇಗಕ್ಕಿಂತ ದೊಡ್ಡ ತಲೆಬಿಸಿ ಕರೆಂಟು. ಅಷ್ಟು ದೂರದಲ್ಲಿ ಬಿಸಿಲು ಭೂಮಿಯಲ್ಲಿ ಬೀಳೋದರ 14 ಸಾವಿರದಲ್ಲಿ ಒಂದು ಭಾಗವೂ ಇರಲ್ಲ, ಸೋಲಾರ್ ಪ್ಯಾನೆಲ್ ಮರೆತುಬಿಡಿ. ಪ್ಲುಟೋನಿಯಂ 238 ಕ್ಷಯಿಸುವಾಗ ಬರೋ ಶಾಖದಿಂದ ವಿದ್ಯುತ್ ತೆಗೀತಾರೆ. ಹೊರಟಾಗ ಸುಮಾರು 470 ವ್ಯಾಟ್ ಇತ್ತು, ವರ್ಷಕ್ಕೆ 4 ವ್ಯಾಟ್‌ನಂತೆ ಇಳೀತಾ ಬಂದಿದೆ. ಅದಕ್ಕೇ ಹೀಟರ್ ಆಫ್ ಮಾಡಿದ್ರು, ಕ್ಯಾಮರಾ ಅಂತೂ 1990ರಲ್ಲೇ ಆಫ್, ಈಗ ಒಂದೊಂದೇ ಉಪಕರಣ. ಡೇಟಾ ಬರೋದು ಸೆಕೆಂಡಿಗೆ 160 ಬಿಟ್, ಇವತ್ತಿನ ಒಂದು ಫೋಟೋ ಕಳಿಸ್ಬೇಕಂದ್ರೆ ದಿನಗಟ್ಟಲೆ ಕಾಯ್ಬೇಕು. ಸಿಗ್ನಲ್ ಒಂದು ಕಡೆಗೆ ಹೋಗೋಕೇ 23 ಗಂಟೆ ಮೇಲೆ, ಉತ್ತರ ಬರೋದು ಮಾರನೇ ದಿನ ಕಳೆದು. 2023ರ ನವೆಂಬರ್‌ನಲ್ಲಿ ಒಂದು ಮೆಮೊರಿ ಚಿಪ್ ಕೆಟ್ಟು ಬರೀ ಅರ್ಥ ಇಲ್ಲದ ಡೇಟಾ ಬರೋಕೆ ಶುರುವಾದಾಗ, ಈ ಕಾಯೋ ಆಟದಲ್ಲೇ ಕೋಡ್‌ನ ತುಂಡು ತುಂಡು ಮಾಡಿ ಮೆಮೊರಿಯ ಬೇರೆ ಜಾಗಗಳಲ್ಲಿ ಕೂರಿಸಿ 2024ರ ಏಪ್ರಿಲ್‌ನಲ್ಲಿ ಮತ್ತೆ ದಾರಿಗೆ ತಂದ್ರು. ಅಷ್ಟು ಹಳೇ ಕಂಪ್ಯೂಟರ್‌ನಲ್ಲಿ, ಕೈಗೆ ಸಿಗದ ದೂರದಲ್ಲಿ. ಅವರಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಪ್ರಶ್ನೆ: ಮುಂದೆ ಇವು ಯಾವುದಾದ್ರೂ ನಕ್ಷತ್ರ ತಲುಪ್ತವಾ? ಈ ಸಾಲಲ್ಲಿ ಮುಂದಿನ ನೌಕೆ ಯಾವುದು?

ಉತ್ತರ: ತಲುಪೋದು ಅಂತೇನಿಲ್ಲ. ಸುಮಾರು 40 ಸಾವಿರ ವರ್ಷದ ಮೇಲೆ ವಾಯೇಜರ್ 1 ಗ್ಲೀಸ್ 445 ಅನ್ನೋ ನಕ್ಷತ್ರದಿಂದ 1.6 ಜ್ಯೋತಿರ್ವರ್ಷ ದೂರದಲ್ಲಿ ಹಾದುಹೋಗುತ್ತೆ, ಹತ್ತಿರ ಅಂದ್ರೆ ಅದೇ ಹತ್ತಿರ. (ಅದರಲ್ಲಿರೋ ಚಿನ್ನದ ಲೇಪದ ಡಿಸ್ಕ್‌ನಲ್ಲಿ 55 ಭಾಷೆಯ ಶುಭಾಶಯ ಇದೆ, ಕನ್ನಡವೂ ಇದೆ, ಕೇಳೋರು ಸಿಗ್ಬೇಕಷ್ಟೆ.) ಪಯೋನಿಯರ್ 10 ಮತ್ತು 11 ಅನ್ನೋ ಹಳೇ ನೌಕೆಗಳು ಕೂಡ ಹೊರಗೆ ಹೋಗ್ತಿವೆ, ಎರಡೂ ಮೌನವಾಗಿವೆ, 10ರ ಕೊನೆಯ ಸಿಗ್ನಲ್ 2003ರ ಜನವರಿಯಲ್ಲಿ ಬಂದಿದ್ದು. ಉಳಿದಿರೋದು ನ್ಯೂ ಹೊರೈಜನ್ಸ್. ಇನ್ನೂ ಗುಳ್ಳೆ ಒಳಗೇ ಇದೆ, ಸೌರಮಾರುತ ಅಳೆಯೋ ಉಪಕರಣವೂ ಇದೆ, ಆದ್ರೆ ಶುರುವಲ್ಲೇ ಅದಕ್ಕೆ ಕೊಟ್ಟ ಪವರ್ ವಾಯೇಜರ್‌ನ ಅರ್ಧದಷ್ಟು. ಗಡಿ ಮುಟ್ಟೋ ಹೊತ್ತಿಗೆ ರೇಡಿಯೋಗೂ ಉಪಕರಣಕ್ಕೂ ಸಾಕಾಗುವಷ್ಟು ವ್ಯಾಟ್ ಉಳಿಸ್ಕೊಳ್ಳೋದೇ ಅದರ ಮುಂದಿನ ಕೆಲಸ.