ಮನೆ ನಿಮ್ಮದಲ್ಲ, ಆದರೂ ಕೀಲಿ ಹಾಕುವಂತಿಲ್ಲ

ಗಂಗಾವತಿಯ ಓದುಗರೊಬ್ಬರು ಬರೆದಿದ್ದಾರೆ: ‘ಒಂಬತ್ತು ವರ್ಷದ ಹಿಂದೆ, ಖಾಲಿ ಬಿದ್ದಿದ್ದ ಎರಡು ಕೋಣೆಯ ಮನೆಗೆ ನಾವೇ ಸೇರಿಕೊಂಡೆವು. ಬಾಡಿಗೆ ಕೊಟ್ಟಿಲ್ಲ. ಮಾಲೀಕರು ಹೈದರಾಬಾದಿನಲ್ಲಿದ್ದಾರೆ, ನಾವಿರುವುದು ಅವರಿಗೆ ಗೊತ್ತಿತ್ತು. ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ ಮೂರನೇ ದಿನ ಬಂದರೆ ಬಾಗಿಲಿಗೆ ಹೊಸ ಕೀಲಿ. ಪಾತ್ರೆ, ಹೊಲಿಗೆ ಮಷಿನ್, ಮಗಳ ಪುಸ್ತಕ ಎಲ್ಲ ಒಳಗೇ ಇವೆ. ಎರಡು ತಿಂಗಳಾಯಿತು, ತಂಗಿ ಮನೆಯಲ್ಲಿದ್ದೇವೆ. ಕೀಲಿ ಒಡೆಯಬಹುದೇ? ಹನ್ನೆರಡು ವರ್ಷ ಆದರೆ ಮನೆ ನಮ್ಮದೇ ಅಂತಾರೆ, ನಿಜವೇ?’

ಅಕ್ಕಾರೇ,

ಕೀಲಿ ಒಡೆಯಬೇಡಿ. ಬಳ್ಳಾರಿಯಲ್ಲಿ ಓದುವಾಗ ನಾನೂ ಒಂದು ಬಾಡಿಗೆ ಕೋಣೆಯ ಕೀಲಿ ಒಡೆದವನೇ. ಒಂದು ತಿಂಗಳ ಬಾಡಿಗೆ ಬಾಕಿ ಇತ್ತು, ಮಾಲೀಕರು ಜಡಿದು ಹೋಗಿದ್ದರು. ಅರ್ಧ ಗಂಟೆಯಲ್ಲಿ ಠಾಣೆಯಲ್ಲಿದ್ದೆ. ನಾನು ಏನು ಹೇಳಿದರೂ ಎಲ್ಲರ ಕಣ್ಣು ಮೇಜಿನ ಮೇಲಿದ್ದ ಮುರಿದ ಕೀಲಿಯ ಮೇಲೇ ಇತ್ತು.

ಮನೆ ನಿಮ್ಮದಲ್ಲ. ಅದನ್ನು ನೀವೇ ಮುಚ್ಚುಮರೆಯಿಲ್ಲದೆ ಬರೆದಿದ್ದೀರಿ. ಹಾಗಂತ ನೀವಿಲ್ಲದ ಹೊತ್ತು ನೋಡಿ ಕೀಲಿ ಬದಲಿಸುವ ಹಕ್ಕು ಮಾಲೀಕರಿಗೂ ಇಲ್ಲ. ಬಿಡಿಸಬೇಕಾದರೆ ಅವರೂ ಕೋರ್ಟಿಗೇ ಹೋಗಬೇಕು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇರುವುದು ಇಂಥದ್ದಕ್ಕೇ. ಒಪ್ಪಿಗೆ ಇಲ್ಲದೆ, ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಆ ದಾವೆಯಲ್ಲಿ ‘ಕಾಗದಪತ್ರ ನನ್ನ ಹೆಸರಲ್ಲಿದೆ’ ಅಂದರೆ ನಡೆಯುವುದಿಲ್ಲ. ತೀರ್ಪಿನ ಮೇಲೆ ಅಪೀಲೂ ಇಲ್ಲ. ನಿಮಗೆ ನಾಲ್ಕು ತಿಂಗಳು ಉಳಿದಿದೆ. (ಸರ್ಕಾರದ ವಿರುದ್ಧ ಈ ದಾವೆ ಬರುವುದಿಲ್ಲ. ಸರ್ಕಾರಿ ಕ್ವಾರ್ಟರ್ಸಿನಲ್ಲಿ ಕೂತವರು ಇದನ್ನು ಓದಿ ಹಿಗ್ಗಬೇಡಿ.)

ನಿನ್ನೆ ರಾತ್ರಿ ಗೋಡೆ ಹಾರಿ ಬಂದವನಿಗೂ ಇದೇ ರಕ್ಷಣೆಯೇ? ಅಲ್ಲ. ಕರ್ನಾಟಕದಿಂದಲೇ ಹೋಗಿದ್ದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಸ್ವಾಧೀನ ನೆಲೆಯೂರಿರಬೇಕು, ಕದ್ದುಮುಚ್ಚಿ ಇರಬಾರದು. ಹೊಲದ ವಿಷಯಕ್ಕೆ ಕೋರ್ಟ್ ಕೊಟ್ಟ ಅಳತೆ ನಮ್ಮ ಭತ್ತದ ಸೀಮೆಯವರಿಗೆ ತಕ್ಷಣ ಅರ್ಥವಾಗುತ್ತದೆ: ಹೊಕ್ಕವನು ಬೆಳೆ ಬೆಳೆದಿದ್ದಾನೋ ಇಲ್ಲವೋ ನೋಡಿ. ಬೆಳೆದಿದ್ದರೆ, ನಿಜವಾದ ಹೊಲದೊಡೆಯನೂ ಅದನ್ನು ಹಾಳುಮಾಡಿ ಜಮೀನು ಕಿತ್ತುಕೊಳ್ಳುವಂತಿಲ್ಲ. ಒಂಬತ್ತು ವರ್ಷ ಒಲೆ ಹಚ್ಚಿದ ಮನೆಗೂ ಇದೇ ನ್ಯಾಯ ಅಲ್ವಾ?

ಇನ್ನು ಹನ್ನೆರಡು ವರ್ಷದ ಮಾತು. ಅದು ಸುಳ್ಳಲ್ಲ. ಬೇರೆಯವರು ರಾಜಾರೋಷವಾಗಿ, ತಮ್ಮದೇ ಎಂಬಂತೆ, ಬಿಡದೆ ಕೂತಿದ್ದರೂ ಮಾಲೀಕ 12 ವರ್ಷ ಸುಮ್ಮನಿದ್ದರೆ ಕೇಳುವ ಹಕ್ಕೇ ಹೋಗುತ್ತದೆ. ಸರ್ಕಾರಿ ಜಾಗಕ್ಕೆ 30 ವರ್ಷ. ನಿಮ್ಮದು ಒಂಬತ್ತು, ಆ ಬಾಗಿಲು ಈಗ ಇಲ್ಲ.

ನನ್ನನ್ನು ಕಾಡುವುದು ನಿಮ್ಮ ಪತ್ರದ ಒಂದು ಸಾಲು: ‘ಅವರಿಗೆ ಗೊತ್ತಿತ್ತು’. ಗೊತ್ತಿದ್ದೂ ಸುಮ್ನಿದ್ದರೋ, ‘ಹೇಗೂ ಖಾಲಿ ಇದೆ, ಇದ್ದು ನೋಡ್ಕೊಳ್ಳಿ’ ಅಂದಿದ್ದರೋ? ಎರಡೂ ಒಂದಲ್ಲ. ನೋಡಿಕೊಳ್ಳಲು ಇಟ್ಟವರು ಎಷ್ಟು ವರ್ಷ ಇದ್ದರೂ ಅವರಿಗೆ ಹಕ್ಕು ಹುಟ್ಟುವುದಿಲ್ಲ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೇನಾದರೂ ಇದ್ದರೆ ನಿಮ್ಮ ಕೇಸು ತೆಳುವಾಗುತ್ತದೆ. ವಕೀಲರ ಹತ್ತಿರ ಇದನ್ನು ಮುಚ್ಚಿಡಬೇಡಿ.

ದಾವೆ ಗೆದ್ದರೂ ಸಿಗುವುದು ಬಾಗಿಲಿನ ಕೀಲಿಕೈ, ಮನೆಯಲ್ಲ. ಮಾಲೀಕರು ತಮ್ಮ ಹಕ್ಕಿನ ಮೇಲೆ ಬೇರೆ ದಾವೆ ಹಾಕಬಹುದು, ಗೆಲ್ಲಲೂಬಹುದು. ಒಂಬತ್ತು ವರ್ಷ ಬಾಡಿಗೆ ಕಾಣದವರ ಸಿಟ್ಟು ನನಗೂ ಅರ್ಥವಾಗುತ್ತದೆ. ಹಾಗಾಗಿ ಜಾಸ್ತಿ ಆಸೆ ಬೇಡ. ಬೇರೆ ಮನೆ ನೋಡಿಕೊಳ್ಳುವಷ್ಟು ಗಡುವು ಸಿಕ್ಕರೆ ರಾಜಿಗೂ ಮನಸ್ಸು ಇಟ್ಟುಕೊಳ್ಳಿ.

ಈಗ ಮಾಡಬೇಕಾದ್ದು: ಕೀಲಿಯ ಫೋಟೋ ತೆಗೆದಿಡಿ. ಒಳಗಿರುವ ಸಾಮಾನಿನ ಪಟ್ಟಿ ಬರೆದು ಠಾಣೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ‘ಇದು ಸಿವಿಲ್ ವಿಷಯ’ ಅಂದರೂ ಕೈಲಿ ಆ ಚೀಟಿ ಇರಲಿ. ಕರೆಂಟ್ ಬಿಲ್ ಮಾಲೀಕರ ಹೆಸರಲ್ಲಿದ್ದರೂ ಪರವಾಗಿಲ್ಲ, ಜೆಸ್ಕಾಂಗೆ ನೀವು ಕಟ್ಟಿದ ರಶೀದಿ ಹುಡುಕಿ. ರೇಷನ್ ಕಾರ್ಡು, ಮಗಳ ಶಾಲೆಯಲ್ಲಿ ಬರೆಸಿದ ವಿಳಾಸ, ಪಕ್ಕದ ಮನೆಯವರ ಸಾಕ್ಷಿ ಎಲ್ಲ ಬೇಕಾಗುತ್ತವೆ. ವಕೀಲರ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋಗುವಾಗ ಹೊಲಿಗೆ ಮಷಿನ್ನಿನ ರಶೀದಿ ಇದ್ದರೆ ಅದನ್ನೂ ಒಯ್ಯಿರಿ.

— ಸಂಪಾದಕ